ಚೀಲದೊಳಗಿನ ಬಳಗ

ಮಾತು ಬೇಡವೆನ್ನುವವರು ಸಾಮಾನು ಕಡಿಮೆ ಒಯ್ಯಬೇಕು. ಸ್ಲೀಪರ್ ಬೋಗಿಯಲ್ಲಿ ತಲೆಗೆ 40 ಕೆಜಿಯವರೆಗೆ ಪುಕ್ಕಟೆಯಾಗಿ ಒಯ್ಯಲು ರೈಲ್ವೆಯವರು ಬಿಡುತ್ತಾರೆ, ನಿಜ. ಆದರೆ ದೊಡ್ಡ ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳಲು ಎದುರಿನವರು ಕಾಲೆತ್ತಬೇಕು. ಕಾಲೆತ್ತಿದವರು "ಯಾವ ಊರು, ಯಾರ ಪೈಕಿ?" ಎಂದು ಕೇಳದೆ ಕಾಲಿಳಿಸುವುದಿಲ್ಲ. ವಿಜಯಪುರ ಬಿಟ್ಟಾಗ ಮುತ್ತಜ್ಜನಿಂದ ಶುರುವಾದ ಉತ್ತರ ಬಾಗಲಕೋಟೆ, ಬಾದಾಮಿ ದಾಟಿ ಗದಗ ಮುಟ್ಟುವಷ್ಟರಲ್ಲಿ ಇಬ್ಬರೂ ಬೀಗರಾಗಿರುತ್ತೇವೆ.

ಹಾಗಾಗಿ ನನ್ನದು ಒಂದೇ ಬೆನ್ನುಚೀಲ. ಎರಡು ಜೊತೆ ಬಟ್ಟೆ, ಚಾರ್ಜರ್, ಮುಖಕ್ಕೆ ಅಡ್ಡ ಹಿಡಿಯಲು ಒಂದು ದಪ್ಪ ಪುಸ್ತಕ. (ಓದುವ ಪುಸ್ತಕ ತೆಳ್ಳಗಿದ್ದರೂ ನಡೆಯುತ್ತದೆ, ಇದು ದಪ್ಪಗೇ ಇರಬೇಕು.) ಮೇಲಿನ ಬರ್ತ್ ಹತ್ತಿ, ಚೀಲವನ್ನೇ ತಲೆದಿಂಬು ಮಾಡಿಕೊಂಡರೆ ಬೆಂಗಳೂರಿನವರೆಗೆ ಬಾಯಿ ತೆರೆಯುವ ಪ್ರಮೇಯವಿಲ್ಲ.

ಇದಕ್ಕೆ ಅವ್ವ ಒಪ್ಪಬೇಕಲ್ಲ. ನನಗೆ ಹಗುರವಾಗಿ ಕಾಣುವ ಚೀಲ ಅವಳಿಗೆ ಖಾಲಿಯಾಗಿ ಕಾಣುತ್ತದೆ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಖಡಕ್ ಸಜ್ಜಿ ರೊಟ್ಟಿ ಮೊದಲು ಬರುತ್ತದೆ. "ಇದರ ಮೇಲೆ ಏನೂ ಇಡಬೇಡ, ಮುರಿಯುತ್ತವೆ." ಅಲ್ಲಿಗೆ ತಲೆದಿಂಬು ಹೋಯಿತು. ಹಿಂದೆಯೇ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಅವು ಸೋರದಂತೆ ನನ್ನದೇ ಅಂಗಿಯ ಸುತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಕಾಕೂ ಬಾಗಿಲಲ್ಲಿ. ನಾನು ಹೊರಡುವುದನ್ನು ಯಾರಿಗೂ ಹೇಳಿರಲಿಲ್ಲ, ಆದರೆ ಪಿಸುಮಾತನ್ನೂ ಆಚೆ ಗೋಡೆಗೆ ಮುಟ್ಟಿಸುವ ಗೋಲಗುಮ್ಮಟದ ಊರಿದು. "ಹೇಗೂ ನಿನ್ನ ಸಾಮಾನು ಕಡಿಮೆ ಇದೆಯಲ್ಲ ತಮ್ಮಾ, ಈ ಶೇಂಗಾ ಹೋಳಿಗೆ ನಮ್ಮ ಮಗಳಿಗೆ. ಇಳಿದ ಮೇಲೆ ಅಳಿಯನಿಗೆ ಒಂದು ಫೋನ್ ಮಾಡು ಸಾಕು."

ಒಂದು ಫೋನ್! ಮುಖ ನೋಡದ ಅಳಿಯನಿಗೆ! ಅದಕ್ಕಿಂತ ಆ 40 ಕೆಜಿ ಹೊರುವುದೇ ವಾಸಿ. ರಾತ್ರಿಯಿಡೀ ರೊಟ್ಟಿಯ ಗಂಟನ್ನು ಎದೆಗವಚಿಕೊಂಡು, "ನಮಸ್ಕಾರ, ನಾನು ಕಾಕೂ ಅವರ ಪಕ್ಕದ ಮನೆಯವನು" ಎಂಬ ಮಾತನ್ನು ಉರು ಹೊಡೆದೆ. ಬೆಳಗಾದಾಗ ಧೈರ್ಯ ಸಾಲದೆ ಸಂದೇಶವನ್ನಷ್ಟೇ ಕಳುಹಿಸಿದೆ. ಕೂಡಲೇ ಉತ್ತರ ಬಂತು: "ನಮ್ಮ ಗೇಟಿನ ಕಾವಲುಗಾರನ ಬಳಿ ಇಟ್ಟುಬಿಡಿ. ಫೋನ್ ಮಾಡುವ ಅಗತ್ಯವಿಲ್ಲ."

ಕಾಕೂ ಬಹಳ ಒಳ್ಳೆಯ ಅಳಿಯನನ್ನು ಹುಡುಕಿದ್ದಾರೆ.