ಆ ಕಾರ್ಡನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ

ಇವತ್ತು ಟಿವಿಯಲ್ಲಿ ಮತ್ತೆ ಅದೇ. ಮಗುವಿನ ಕಣ್ಣಿಗೆ ಕಪ್ಪು ಬಟ್ಟೆ, ಕೈಯಲ್ಲಿ ಬಣ್ಣದ ಕಾರ್ಡು. "ಹಸಿರು" ಅಂದ ಕೂಡಲೇ ಚಪ್ಪಾಳೆ. ಪಕ್ಕದಲ್ಲಿ ಬಿಳಿ ಕೋಟಿನವರೊಬ್ಬರು, ಇದು ಮಿಡ್‌ಬ್ರೇನ್ ಆ್ಯಕ್ಟಿವೇಷನ್, ಅಂದರೆ ನಡುಮಿದುಳನ್ನು ಚುರುಕುಗೊಳಿಸಿ ಕಣ್ಣು ಕಟ್ಟಿಕೊಂಡೂ ನೋಡುವ ವಿದ್ಯೆ, ವಿಜ್ಞಾನ ಎಂದರು. ನಿರೂಪಕಿ ತಲೆಯಾಡಿಸಿದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.

ಮಗು ಕಾರ್ಡನ್ನು ಎಲ್ಲಿ ಹಿಡಿದಿದೆ ಗಮನಿಸಿ. ಯಾವಾಗಲೂ ಎದೆಯ ಕೆಳಗೆ, ಹೊಟ್ಟೆಯ ಹತ್ತಿರ. ಗಲ್ಲ ಸ್ವಲ್ಪ ಮೇಲಕ್ಕೆತ್ತಿರುತ್ತದೆ. ಮೂಗಿನ ದಿಬ್ಬ ಇರುವುದರಿಂದ ಅದರ ಎರಡೂ ಪಕ್ಕ ಬಟ್ಟೆ ಕೆನ್ನೆಗೆ ಅಂಟಿ ಕೂರುವುದಿಲ್ಲ. ಕಟ್ಟುವಾಗ ಹುಬ್ಬು ಮೇಲೆತ್ತಿ, ಆಮೇಲೆ ಇಳಿಸಿದರೆ ಬಟ್ಟೆ ಜರುಗಿ ಸಂದು ಇನ್ನೂ ದೊಡ್ಡದಾಗುತ್ತದೆ. ಕೆಳಗಿರುವ ಕಾರ್ಡು ಓದಲು ಅಷ್ಟು ಸಾಕು. ಜಾದೂಗಾರರಿಗೆ ಇದು ಬಹಳ ಹಳೆಯ ವಿದ್ಯೆ. ಕಣ್ಣಿನ ಮೇಲೆ ಹಿಟ್ಟಿನ ಮುದ್ದೆ ಮೆತ್ತಿಸಿಕೊಂಡು, ಮೇಲೆ ಬಟ್ಟೆ ಕಟ್ಟಿಸಿಕೊಂಡೂ ಅವರು ಓದುತ್ತಾರೆ.

ಪರೀಕ್ಷೆಗೆ ಲ್ಯಾಬ್ ಬೇಡ. ಮಗುವಿನ ಗಲ್ಲದ ಕೆಳಗೆ ಒಂದು ನೋಟ್‌ಬುಕ್ ಅಡ್ಡ ಹಿಡಿಯಿರಿ, ಶಕ್ತಿ ಅಲ್ಲಿಗೇ ನಿಲ್ಲುತ್ತದೆ. ಅಥವಾ ಕಾರ್ಡನ್ನು ಹಣೆಯ ಮಟ್ಟದಲ್ಲಿ ಹಿಡಿಯಿರಿ, ಇಲ್ಲವೇ ತಲೆಯ ಹಿಂದೆ. ವಾಸನೆಯಿಂದ ತಿಳಿಯುತ್ತದೆ ಎನ್ನುತ್ತಾರಾ? ಕಾರ್ಡನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಂಚು ಸೀಲ್ ಮಾಡಿ ಕೊಡಿ. ಆಗಲೂ ಬಣ್ಣ ಸರಿಯಾಗಿ ಹೇಳಿದರೆ ಕೆಲಸ ಮಾಡುತ್ತಿರುವುದು ಮೂಗಲ್ಲ, ಕಣ್ಣು. ಸ್ಟುಡಿಯೋ ದೀಪ ಪೂರ್ತಿ ಆರಿಸಿದರೂ ಸಾಕು. ಕಣ್ಣೇ ಬೇಡದವರಿಗೆ ಕತ್ತಲೆಯಿಂದ ಏನು ತೊಂದರೆ?

ಅಂಕಿಯಲ್ಲಿ ಬೇಕಾದರೆ ಐದು ಬಣ್ಣ, ಹತ್ತು ಸುತ್ತು. ಯಾವ ಬಣ್ಣ ಎಂಬುದನ್ನು ಪ್ರತಿ ಸುತ್ತಿಗೂ ಚೀಟಿ ಎತ್ತಿ ನಿರ್ಧರಿಸಬೇಕು, ಎತ್ತಿದ ಚೀಟಿ ಮತ್ತೆ ಡಬ್ಬಿಗೇ ಹೋಗಬೇಕು. ಉತ್ತರ ಗೊತ್ತಿರುವವರು ಯಾರೂ ಆ ಕೋಣೆಯಲ್ಲಿ ಇರಕೂಡದು, ಅಪ್ಪ ಅಮ್ಮನೂ ಸೇರಿ. ಬರೀ ಊಹೆಯಿಂದ ಸರಾಸರಿ ಎರಡು ಸರಿಯಾಗುತ್ತವೆ. ಹತ್ತೂ ಸರಿಯಾಗುವ ಸಾಧ್ಯತೆ 97,65,625ರಲ್ಲಿ ಒಂದು. ಅದನ್ನು ಯಾರಾದರೂ ಮಾಡಿ ತೋರಿಸಿದರೆ ನಾನೇ ಮೊದಲು ಎದ್ದು ನಿಲ್ಲುತ್ತೇನೆ.

ಇನ್ನು ಆ "ವಿಜ್ಞಾನ". ನಡುಮಿದುಳು ಹುಟ್ಟಿದಾಗಿನಿಂದ ಕೆಲಸ ಮಾಡುತ್ತಲೇ ಇದೆ. ಕಣ್ಣಿನ ಚಲನೆ, ಪಾಪೆ ಕುಗ್ಗುವುದು, ಸದ್ದು ಬಂದತ್ತ ತಲೆ ತಿರುಗಿಸುವುದು, ಎಚ್ಚರವಾಗಿರುವುದು, ಎಲ್ಲದರಲ್ಲೂ ಅದರ ಪಾತ್ರವಿದೆ. ಅಲ್ಲಿನ, ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಸತ್ತರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ. ಅದು ಕೆಲಸ ನಿಲ್ಲಿಸಿದ ಮಗು ಸ್ಟುಡಿಯೋಗಲ್ಲ, ಐಸಿಯುಗೆ ಹೋಗುತ್ತದೆ. ಇನ್ನು ಬಣ್ಣ ಕಾಣಲು ಬೆಳಕು ಅಕ್ಷಿಪಟದ ಮೇಲೆ ಬೀಳಲೇಬೇಕು. ಬೇರೆ ದಾರಿ ಇಲ್ಲ.

"ಇರಲಿ ಬಿಡಿ, ಮಕ್ಕಳ ಆತ್ಮವಿಶ್ವಾಸ ಹೆಚ್ಚುತ್ತದಲ್ಲ" ಎಂದು ಕಾಮೆಂಟಿನಲ್ಲಿ ಬರುತ್ತದೆ, ಗೊತ್ತು. ಏನು ಹೆಚ್ಚುತ್ತದೆ? ಸಂದಿನಲ್ಲಿ ನೋಡಿದ್ದು ಆ ಮಗುವಿಗೆ ಗೊತ್ತು. ಈ ತರಬೇತಿಗೆ ದುಡ್ಡು ಕಟ್ಟಿದ ಅಪ್ಪ ಅಮ್ಮನ ಮುಖ ನೋಡಿ ಹೇಳಲಾಗದೆ ಸುಮ್ಮನಿರುತ್ತದೆ. ತಪ್ಪು ಮಗುವಿನದಲ್ಲ, ಒಂದಿಷ್ಟೂ ಅಲ್ಲ.

ಈ ವಿದ್ಯೆ ನಿಜವಾಗಿದ್ದರೆ ಮೊದಲು ಕಲಿಸಬೇಕಾದದ್ದು ಯಾರಿಗೆ? ಅಂಧ ಮಕ್ಕಳಿಗೆ. ಅವರು ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನು ಬೆರಳ ತುದಿಯಲ್ಲಿ ದಿನದಿನವೂ ತಿದ್ದಿ ತೀಡಿ, ಕೊನೆಗೆ ಕನ್ನಡ ಪಠ್ಯವನ್ನು ಸರಾಗವಾಗಿ ಓದುತ್ತಾರೆ. ಕಣ್ಣಿಲ್ಲದೆ ಓದುವುದೆಂದರೆ ಅದು. ಅದಕ್ಕೆ ಪ್ರೈಮ್‌ಟೈಮ್ ಇಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲೇ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ್ದರು. ಈ ಮಿಡ್‌ಬ್ರೇನ್ ವಿಷಯದಲ್ಲಿ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಬಹಿರಂಗವಾಗಿಯೇ ಸವಾಲು ಹಾಕಿದ್ದಾರೆ. ಪ್ರಶ್ನೆ ಕೇಳುವವರು ನಮ್ಮಲ್ಲಿ ಇದ್ದಾರೆ, ಅವರನ್ನು ಕರೆಯಲಿ. ಕರೆಯದಿದ್ದರೆ, ಕ್ಯಾಮೆರಾ ಹಿಡಿದವರಾದರೂ ಒಂದು ಸಲ ಆ ಕಾರ್ಡನ್ನು ಮಗುವಿನ ಹಣೆಯ ಮಟ್ಟಕ್ಕೆ ಎತ್ತಿಸಿ ಶೂಟ್ ಮಾಡಲಿ.