ಮಂಪರು ಪರೀಕ್ಷೆಯ ಮಾತೇ ಸಾಕ್ಷ್ಯವಲ್ಲ

‘ಮಂಪರು ಪರೀಕ್ಷೆಯಲ್ಲಿ ಬಾಯಿಬಿಟ್ಟರೆ ಕೇಸ್ ಮುಗಿದಂತೆ, ಪಾಲಿಗ್ರಾಫ್‌ಗಿಂತ ಅದೇ ಪಕ್ಕಾ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಸುಳ್ಳು ಪತ್ತೆ ಯಂತ್ರ ಎನ್ನುವ ಪಾಲಿಗ್ರಾಫ್ ಅಳೆಯುವುದು ಸುಳ್ಳನ್ನಲ್ಲ. ಉಸಿರಾಟ, ನಾಡಿ, ರಕ್ತದೊತ್ತಡ, ಬೆರಳಿನ ಬೆವರನ್ನು. ಹೆದರಿದ ನಿರಪರಾಧಿಗೂ ಎದೆ ಹೊಡೆದುಕೊಳ್ಳುತ್ತೆ, ಅಲ್ವಾ? ಮಂಪರು ಪರೀಕ್ಷೆಯಲ್ಲಿ ಸೋಡಿಯಂ ಪೆಂಟೊಥಾಲ್ ಎಂಬ ಅಮಲಿನ ಔಷಧ ಚುಚ್ಚಿದರೆ ನಾಲಿಗೆ ಸಡಿಲವಾಗುವುದು ನಿಜ. ಆದರೆ ಆ ಅಮಲಿನಲ್ಲಿ ನೆನಪು, ಕಲ್ಪನೆ ಎಲ್ಲ ಕಲಸಿಹೋಗುತ್ತವೆ. ಕೇಳಿದವರು ಸೂಚಿಸಿದ್ದಕ್ಕೆಲ್ಲ ಹೂಂ ಅನ್ನುವುದೂ ಉಂಟು.

ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಮಂಪರು, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಯಾವುದನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಆರೋಪಿಯ ಒಪ್ಪಿಗೆ ಮ್ಯಾಜಿಸ್ಟ್ರೇಟ್ ಮುಂದೆ ದಾಖಲಾಗಬೇಕು. ಒಪ್ಪಿದರೂ ಅಲ್ಲಿ ಹೇಳಿದ ಮಾತೇ ಸಾಕ್ಷ್ಯವಾಗುವುದಿಲ್ಲ. ಆ ಮಾತಿನ ಜಾಡಿನಲ್ಲಿ ಚಾಕುವೊಂದು ಸಿಕ್ಕರೆ, ಅದನ್ನು ಕೋರ್ಟ್ ಪರಿಗಣಿಸಬಹುದು.