ಗಂಡನಿಗೆ ರಿಯಾಯಿತಿ ಉಂಟು

ಹೆಂಡತಿ ಮೇಲೆ ಗಂಡ ಬಲಾತ್ಕಾರ ಮಾಡಿದರೆ ಅದನ್ನು ಅತ್ಯಾಚಾರ ಅನ್ನುವುದು 'ಅತಿ ಕಠಿಣ' ಆಗುತ್ತದಂತೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಅಫಿಡವಿಟ್ ನೆನಪಿದೆಯಲ್ವಾ? ಯಾರಿಗೆ ಕಠಿಣ ಅಂತ ಕೇಳಬೇಡಿ. ಮದುವೆ ಎಂಬ ಸಂಸ್ಥೆಗೆ ಧಕ್ಕೆ ಆಗುತ್ತದಂತೆ. ವರದಕ್ಷಿಣೆ, ಹೊಡೆತ, ಬಡಿತ ಎಲ್ಲ ತಡೆದುಕೊಂಡು ನಿಂತ ಗಟ್ಟಿ ಸಂಸ್ಥೆ ಅದು. ಹೆಂಡತಿ 'ಇವತ್ತು ಬೇಡ' ಅಂದರೆ ಮಾತ್ರ ಕುಸಿದು ಬೀಳುತ್ತದೆ, ಪಾಪ.

ಅದೇ ವರ್ಷ ಜುಲೈ 1ಕ್ಕೆ, ಬ್ರಿಟಿಷರ ಕಾಲದ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಬ್ರಿಟಿಷರ ಗುಲಾಮಗಿರಿ ಮುಗಿಯಿತು ಅಂತ ಎಷ್ಟು ಸಂಭ್ರಮ! ಅತ್ಯಾಚಾರದ 375ನೇ ಸೆಕ್ಷನ್ ಹೋಗಿ 63 ಆಯಿತು, ಹೆಂಡತಿ ಮೇಲೆ ಮಾಡಿದರೆ ಅತ್ಯಾಚಾರವಲ್ಲ ಎಂಬ ಗಂಡನ ವಿನಾಯಿತಿ ಮಾತ್ರ ಹಾಗೇ ಉಳಿಯಿತು. ಇದರ ಮೂಲಪುರುಷ ಯಾರು ಗೊತ್ತಾ? 17ನೇ ಶತಮಾನದ ಇಂಗ್ಲಿಷ್ ಜಡ್ಜ್ ಮ್ಯಾಥ್ಯೂ ಹೇಲ್. ಮದುವೆಯಾದಳು ಅಂದ ಮೇಲೆ ಒಪ್ಪಿದ ಹಾಗೇ, ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ ಅಂದವನು. ಇದೇ ಪುಣ್ಯಾತ್ಮ 1662ರಲ್ಲಿ ಇಬ್ಬರು ಹೆಂಗಸರನ್ನು ಮಾಟಗಾತಿಯರು ಅಂತ ಗಲ್ಲಿಗೂ ಕಳಿಸಿದ್ದ. ಇಂಗ್ಲೆಂಡಿನವರೇ 1991ರಲ್ಲಿ ಅವನ ವಾದ ಕೈಬಿಟ್ಟರು. ನಾವು ಬಿಟ್ಟಿಲ್ಲ. ಅತಿಥಿ ದೇವೋ ಭವ.

ಲೆಕ್ಕವೂ ಚೆನ್ನಾಗಿದೆ. ಹೆಂಡತಿಗೆ 18 ತುಂಬುವ ಹಿಂದಿನ ದಿನದವರೆಗೆ ಅತ್ಯಾಚಾರ, ಮರುದಿನದಿಂದ ಸಂಸಾರ. ವೋಟು ಹಾಕುವ ಹಕ್ಕು ಬಂದ ದಿನವೇ ಬೇಡ ಅನ್ನುವ ಹಕ್ಕು ಹೋಗುತ್ತದೆ.

2022ರ ಜನವರಿಯಲ್ಲಿ, ದಿಲ್ಲಿ ಹೈಕೋರ್ಟಿನಲ್ಲಿ ಈ ವಿನಾಯಿತಿ ತೆಗೆಯಬೇಕೇ ಅಂತ ವಿಚಾರಣೆ ನಡೆಯುವಾಗ, ಟ್ವಿಟರ್‌ನಲ್ಲಿ ಗಂಡಸರು ಮದುವೆ ಮುಷ್ಕರವನ್ನೇ ಹೂಡಿದ್ದರು. ಇಂಥ ಕಾನೂನು ಬಂದರೆ ಮದುವೆಯೇ ಆಗಲ್ಲ ಅಂತ! ದಯವಿಟ್ಟು ಮುಂದುವರಿಸಿ ಸ್ವಾಮಿ. ಜಾತಕ ನೋಡಿದರೂ ಗೊತ್ತಾಗದ ಸಂಗತಿಯನ್ನು ನೀವೇ ಫೋಟೋ ಸಮೇತ ತಿಳಿಸಿದಿರಿ. ಹೆಣ್ಣು ಹೆತ್ತವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ?

ತಮಾಷೆ ಸಾಕು. ಈ ವಿನಾಯಿತಿ ತೆಗೆದುಹಾಕಿ ಅಂತ, ನಿರ್ಭಯಾ ಪ್ರಕರಣದ ನಂತರ ಸರ್ಕಾರವೇ ನೇಮಿಸಿದ ವರ್ಮಾ ಸಮಿತಿ 2013ರಲ್ಲೇ ಹೇಳಿತ್ತು. ಗಂಡ ಮಾಡಿದರೂ ಅತ್ಯಾಚಾರ ಅತ್ಯಾಚಾರವೇ ಅಂತ 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಮೇ ತಿಂಗಳಲ್ಲಿ ದಿಲ್ಲಿಯ ಇಬ್ಬರು ಜಡ್ಜ್‌ಗಳು ಒಬ್ಬೊಬ್ಬರು ಒಂದೊಂದು ಕಡೆಗೆ ತೀರ್ಪು ಕೊಟ್ಟರು. ಸುಪ್ರೀಂ ಕೋರ್ಟಿನಲ್ಲಿ ವಾದ ಶುರುವಾಗುವಷ್ಟರಲ್ಲಿ ಮುಖ್ಯ ನ್ಯಾಯಮೂರ್ತಿಗಳ ನಿವೃತ್ತಿ ಹತ್ತಿರ ಬಂತು, ಕೇಸು ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಬೇರೆ ಕಾನೂನುಗಳು ಇವೆಯಲ್ಲ ಅನ್ನುತ್ತಾರೆ. ಇವೆ. ಕ್ರೌರ್ಯದ ಕೇಸಿಗೆ ಹೆಚ್ಚೆಂದರೆ 3 ವರ್ಷ ಜೈಲು. ಅತ್ಯಾಚಾರಕ್ಕೆ ಕಡಿಮೆ ಅಂದರೂ 10. ತಾಳಿ ಕಟ್ಟಿದ್ದಕ್ಕೆ ಇಷ್ಟು ರಿಯಾಯಿತಿ ಕೊಟ್ಟು, ಆಮೇಲೆ ಅವಳಿಗೆ ಹೇಳುತ್ತೇವೆ, ಸ್ವಲ್ಪ ಹೊಂದಿಕೊಂಡು ಹೋಗಮ್ಮ ಅಂತ.